ಹರಿಹರದ ಲೇತ್, ಬಿಡದಿಯ ಕಾರು, ನಡುವೆ ಶೇ 26

2022ರ ನವೆಂಬರ್ 30ರ ಬೆಳಿಗ್ಗೆ ಡೆಸ್ಕ್‌ನಿಂದ ಫೋನ್ ಬಂತು. ಟೊಯೋಟಾ ಕಿರ್ಲೋಸ್ಕರ್ ಮೋಟಾರ್‌ನ ಉಪಾಧ್ಯಕ್ಷ ವಿಕ್ರಮ್ ಕಿರ್ಲೋಸ್ಕರ್ ಹಿಂದಿನ ದಿನ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. ವಯಸ್ಸು 64. ಅವರಿಗೂ ನಿಮ್ಮ ಹರಿಹರಕ್ಕೂ ಏನೋ ನಂಟಿತ್ತಂತಲ್ಲ, ಮಧ್ಯಾಹ್ನದೊಳಗೆ ಇನ್ನೂರು ಪದ ಕಳಿಸಿ ಅಂದರು. ಕಳಿಸಿದೆ. ಮರುದಿನ ನೋಡಿದರೆ ಒಳಪುಟದಲ್ಲಿ ನಲವತ್ತು ಪದ ಉಳಿದಿತ್ತು. ಜಾಹೀರಾತು ಬಂದರೆ ಹಾಗೇ ಆಗುವುದು, ಅದಕ್ಕೆ ಬೇಜಾರಿಲ್ಲ. ಆದರೆ ಆ ದಿನ ಹಳೆಯ ಕಾಗದ ಹುಡುಕುವಾಗ ಒಂದು ಸಂಖ್ಯೆ ತಲೆಯಲ್ಲಿ ಕೂತುಬಿಟ್ಟಿತು. ಟೊಯೋಟಾ ಜೊತೆಗಿನ ಕಂಪನಿ ಶುರುವಾದಾಗ ಕಿರ್ಲೋಸ್ಕರ್ ಪಾಲು ಶೇ 26. ಆಮೇಲೆ ಶೇ 11. ಪಾಲು ಅರ್ಧಕ್ಕಿಂತ ಕಮ್ಮಿಯಾದ ಮೇಲೂ ಆ ಕೂಡಿಕೆ ಮುರಿಯಲಿಲ್ಲ, ಬೋರ್ಡಿನ ಮೇಲಿನ ಹೆಸರೂ ಹೋಗಲಿಲ್ಲ. ಇಂಡಿಯಾದಲ್ಲಿ ಜಪಾನಿನವರ ಜೊತೆ ಕೂಡಿದ ಎಷ್ಟೋ ಕಂಪನಿಗಳು ಇದಕ್ಕಿಂತ ಸಣ್ಣ ವಿಷಯಕ್ಕೆ ಬೇರೆಯಾಗಿವೆ. ಇದು ಹೇಗೆ ಉಳಿಯಿತು? ಉಳಿದದ್ದರಲ್ಲಿ ಹರಿಹರಕ್ಕೆ ಏನು ಸಿಕ್ಕಿತು? ಇನ್ನೂರು ಪದದಲ್ಲಿ ಹಿಡಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಡೆಯ ಒಂದು ಮಾತು. ಬೇರೆಯವರ ಹೊಲ ಮಾಡುವುದಕ್ಕೆ ನಮ್ಮಲ್ಲಿ ಎರಡು ದಾರಿ. ಒಂದು ಲಾವಣಿ. ವರ್ಷಕ್ಕೆ ಇಷ್ಟು ಅಂತ ಮಾತಾಡಿ ದುಡ್ಡು ಕೊಟ್ಟರೆ ಮುಗಿಯಿತು, ಮಳೆ ಬಂದರೂ ಬಾರದಿದ್ದರೂ ಹೊಲದ ಒಡೆಯನಿಗೆ ಅವನ ದುಡ್ಡು. ಇನ್ನೊಂದು ಕೋರು. ಬಂದ ಬೆಳೆಯಲ್ಲಿ ಇಬ್ಬರಿಗೂ ಪಾಲು, ಬಾರದಿದ್ದರೆ ಇಬ್ಬರೂ ಬರಿಗೈ. ಲಾವಣಿಯಲ್ಲಿ ನಂಬಿಕೆ ಅಷ್ಟೇನೂ ಬೇಕಾಗುವುದಿಲ್ಲ. ಕೋರಿನಲ್ಲಿ ದಿನಾ ಬೇಕು. ಬೀಜ ಒಳ್ಳೆಯದು ತಂದನೋ, ಗೊಬ್ಬರ ಪೂರಾ ಹಾಕಿದನೋ, ರಾಶಿ ಮಾಡುವ ರಾತ್ರಿ ಕಣದಲ್ಲಿ ಯಾರಿದ್ದರು, ಇವೆಲ್ಲ ಯಾವ ಕಾಗದದಲ್ಲೂ ಬರೆದಿರುವುದಿಲ್ಲ. ವಿದೇಶಿ ಕಂಪನಿಗಳ ಜೊತೆಗಿನ ವ್ಯವಹಾರವನ್ನೂ ಹೀಗೇ ಎರಡು ಮಾಡಬಹುದು. ತಂತ್ರಜ್ಞಾನ ಕೊಡುತ್ತೇವೆ, ರಾಯಲ್ಟಿ ಕೊಡಿ ಅನ್ನುವುದು ಲಾವಣಿ. ಇಬ್ಬರೂ ಬಂಡವಾಳ ಹಾಕಿ ಒಂದು ಹೊಸ ಕಂಪನಿ ಕಟ್ಟುವ ಜಂಟಿ ಉದ್ಯಮ ಕೋರು.

ದಾವಣಗೆರೆಗೆ ಹೊರಗಿನವರನ್ನು ನಂಬಿ ಕೂಡಿಸಿಕೊಳ್ಳುವ ಚಾಳಿ ಹಳೆಯದು. ಹೈದರಾಲಿ ಈ ಊರನ್ನು ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ, ಅವನು ವರ್ತಕರನ್ನು ಕರೆಸಿ ಇಲ್ಲಿ ನೆಲೆ ನಿಲ್ಲಿಸಿದ ಎಂದು ಹಳೆಯ ಗ್ಯಾಸೆಟಿಯರ್‌ಗಳು ಹೇಳುತ್ತವೆ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿನ ವರ್ತಕರ ಕೈಯಿಂದ ಅತ್ತ ವಾಲಾಜಾಪೇಟೆಯ ತನಕ ಹೋಗುತ್ತಿತ್ತು. ತಿಂಗಳುಗಟ್ಟಲೆ ಎತ್ತಿನ ಮೇಲೆ ಹೋಗುವ ಸರಕಿಗೆ ರಸೀದಿಗಿಂತ ಮನುಷ್ಯನ ಹೆಸರೇ ಜಾಸ್ತಿ ಬೆಲೆ. ಆಮೇಲೆ ಹತ್ತಿ ಗಿರಣಿಗಳು ಬಂದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರೂ ಬಂತು. ಗಿರಣಿಯ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಕಿರ್ಲೋಸ್ಕರ್ ಅಂದರೆ ಪುಣೆ ಅಂತ ತುಂಬ ಜನ ತಿಳಿದಿದ್ದಾರೆ. ಮೂಲ ಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣದ ನೇಗಿಲು ಭೂಮಿಗೆ ವಿಷ ಎಂದು ರೈತರು ಮುಟ್ಟಲಿಲ್ಲ, ಮೊದಲ ನೇಗಿಲುಗಳು ವರ್ಷಗಟ್ಟಲೆ ಮಾರಾಟವಾಗದೆ ಬಿದ್ದಿದ್ದವು ಅನ್ನುವ ಕಥೆ ಪ್ರಸಿದ್ಧ. ಬೆಳಗಾವಿಯಲ್ಲಿ ಜಾಗ ತಪ್ಪಿದಾಗ ಔಂಧ್ ಸಂಸ್ಥಾನದ ರಾಜರು ಕರೆದು ಜಾಗ ಕೊಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಹೊರಗಿನವರ ನಂಬಿಕೆಯ ಮೇಲೆ ಎದ್ದ ಮನೆತನ ಅನ್ನಬಹುದು.

ಹರಿಹರಕ್ಕೆ ಅವರು ಬಂದದ್ದು 1941ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯ ಕೊನೆಯ ವರ್ಷ ಅದು. ಎರಡನೇ ಮಹಾಯುದ್ಧದಿಂದ ವಿದೇಶಿ ಯಂತ್ರಗಳು ಬರುವುದು ಕಷ್ಟವಾಗಿತ್ತು, ಲೇತ್‌ಗಳಿಗೆ ಎಲ್ಲಿಲ್ಲದ ಬೇಡಿಕೆ. ಹರಿಹರ ಆಗ ಸಂಸ್ಥಾನದ ಉತ್ತರದ ತುದಿ. ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಅಂದರೆ ಮುಂಬೈ ಪ್ರಾಂತ್ಯ. ರೈಲು ಇತ್ತು, ಪುಣೆ–ಬೆಂಗಳೂರು ರಸ್ತೆ ಇತ್ತು, ನೀರಿತ್ತು. ಊರ ಪಕ್ಕ ಕಾರ್ಖಾನೆ ಎದ್ದಿತು, ಆ ಜಾಗಕ್ಕೆ ಯಂತ್ರಾಪುರ ಎಂದೇ ಹೆಸರಾಯಿತು. ಕಂಪನಿಯ ಹೆಸರು ಮೈಸೂರು ಕಿರ್ಲೋಸ್ಕರ್. ಹೆಸರಿನಲ್ಲಿ ಮೊದಲು ಸಂಸ್ಥಾನ, ಆಮೇಲೆ ಮನೆತನ. ಅರ್ಧ ಹರ, ಅರ್ಧ ಹರಿ ಒಂದೇ ಕಲ್ಲಿನಲ್ಲಿ ನಿಂತ ಊರಿಗೆ ಇಂಥ ಜೋಡಿ ಹೆಸರು ಹೊಸದೇನಲ್ಲ. ಹರಿಹರೇಶ್ವರನ ಗುಡಿ 13ನೇ ಶತಮಾನದ್ದು, ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು.

ಇಲ್ಲಿ ತಯಾರಾದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತ್‌ಗಳನ್ನು ಐಟಿಐ ಓದಿದವರಿಗೆ ಪರಿಚಯ ಮಾಡಿಸಬೇಕಾಗಿಲ್ಲ. ದೇಶದ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಟರ್ನರ್‌ಗಳು ಕೈ ಪಳಗಿಸಿಕೊಂಡದ್ದು ಹರಿಹರದ ಯಂತ್ರದ ಮೇಲೆ. ಲೇತ್ ಅಂದರೆ ಯಂತ್ರಗಳ ತಾಯಿ ಅನ್ನುತ್ತಾರೆ, ಯಾಕೆಂದರೆ ಬೇರೆ ಯಂತ್ರದ ಭಾಗ ಕಡೆಯುವುದು ಅದೇ. ಅದರ ಬೆಡ್ ಕೂದಲೆಳೆಯಷ್ಟು ಸೊಟ್ಟ ಇದ್ದರೂ ಅದರ ಮೇಲೆ ಕಡೆದ ಪ್ರತಿ ಜಾಬ್ ಸೊಟ್ಟ. ಲೇತ್ ಮಾಡುವ ಕಂಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ಗಿರಾಕಿ ಮೈಕ್ರೋಮೀಟರ್ ಹಿಡಿದು ನೋಡಿಬಿಡುತ್ತಾನೆ. ಮುಂದೆ ಜಪಾನಿನವರ ಕಣ್ಣಿಗೆ ಬಿದ್ದದ್ದರಲ್ಲಿ ಈ ಹಿನ್ನೆಲೆಗೂ ಪಾಲಿರಬೇಕು ಅನ್ನುವುದು ನನ್ನ ಊಹೆ. ಊಹೆ ಅಂತಲೇ ತಿಳಿಯಿರಿ.

ವಿದೇಶಿಯರ ಜೊತೆಗಿನ ವ್ಯವಹಾರ ಈ ಮನೆತನಕ್ಕೆ ಸ್ವಾತಂತ್ರ್ಯದ ಹೊತ್ತಿಗೇ ಅಭ್ಯಾಸ. 1946ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಿರ್ಲೋಸ್ಕರ್ ಎಲೆಕ್ಟ್ರಿಕ್‌ಗೆ ಇಂಗ್ಲೆಂಡಿನ ಬ್ರಷ್ ಕಂಪನಿಯ ತಾಂತ್ರಿಕ ನೆರವಿತ್ತು. ಅದು ನಮ್ಮ ಲೆಕ್ಕದಲ್ಲಿ ಲಾವಣಿ. ನಿಜವಾದ ಕೋರು 1962ರದ್ದು, ಪುಣೆಯ ಕಿರ್ಲೋಸ್ಕರ್ ಕಮಿನ್ಸ್. ಅಮೆರಿಕದ ಕಮಿನ್ಸ್ ಎಂಜಿನ್ ಕಂಪನಿಗೆ ಅರ್ಧ, ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ಗೆ ಶೇ 25.5, ಉಳಿದದ್ದು ಜನರ ಷೇರು. ಮೂವತ್ತು ವರ್ಷಕ್ಕೂ ಮೀರಿ ನಡೆಯಿತು. 1991ರ ಉದಾರೀಕರಣ ಬಂದು, ವಿದೇಶಿ ಕಂಪನಿ ತಾನೇ ಬಹುಮತ ಇಟ್ಟುಕೊಳ್ಳಬಹುದು ಎಂದಾದ ಮೇಲೆ ಲೆಕ್ಕ ಬದಲಾಯಿತು. ಆ ದಶಕದ ನಡುವೆ ಕಿರ್ಲೋಸ್ಕರ್‌ನವರು ಹೊರಬಂದರು, 1997ರಲ್ಲಿ ಕಂಪನಿಯ ಹೆಸರೇ ಕಮಿನ್ಸ್ ಇಂಡಿಯಾ ಆಯಿತು. ಜಗಳದ ಸದ್ದು ಹೊರಗೆ ಬರಲಿಲ್ಲ. ಆದರೆ ಕಾಯಿದೆ ಹಿಡಿದಿಟ್ಟ ಕೂಡಿಕೆ ಕಾಯಿದೆ ಸಡಿಲವಾದ ತಕ್ಷಣ ಸಡಿಲವಾಯಿತು ಎನ್ನುವುದನ್ನು ಗಮನಿಸಬೇಕು. ಅದೇ 1997ರಲ್ಲಿ ಮನೆತನದ ಇನ್ನೊಂದು ಕವಲು ಜಪಾನಿನವರ ಜೊತೆ ಹೊಸ ಕೋರಿಗೆ ಸಹಿ ಹಾಕಿತು.

ಆ ಕವಲು ವಿಕ್ರಮ್ ಅವರದು. ಶಂತನುರಾವ್ ಕಿರ್ಲೋಸ್ಕರ್ ಅವರ ಮೊಮ್ಮಗ, ಲಕ್ಷ್ಮಣರಾಯರ ಮರಿಮಗ. ಅಜ್ಜನ ಹಾಗೆ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1981ರಲ್ಲಿ ಪದವಿ ಪಡೆದವರು. ಆಮೇಲೆ ಕೆಲಸ ಮಾಡಿದ್ದು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ. ಡೆಸ್ಕ್‌ನವರು ಕೇಳಿದ ನಂಟು ಇದೇ.

ಈಗ ಆ ಕಡೆಯವರ ಕಥೆ. ಟೊಯೋಟಾ ಹುಟ್ಟಿದ್ದು ಕಾರಿನಿಂದಲ್ಲ, ಮಗ್ಗದಿಂದ. ಸಾಕಿಚಿ ಟೊಯೋಡಾ ಎಂಬ ಬಡಗಿಯ ಮಗ ವರ್ಷಗಟ್ಟಲೆ ಮಗ್ಗದ ಹಿಂದೆ ಬಿದ್ದು 1924ರಲ್ಲಿ ಒಂದು ಸ್ವಯಂಚಾಲಿತ ಮಗ್ಗ ಮಾಡಿದ. ನೂಲು ಹರಿದರೆ ತಾನೇ ನಿಲ್ಲುತ್ತಿತ್ತು, ಲಾಳಿಯನ್ನು ಮಗ್ಗ ನಿಲ್ಲಿಸದೇ ಬದಲಿಸುತ್ತಿತ್ತು. ಆಗ ಜಗತ್ತಿನ ಗಿರಣಿಗಳಿಗೆಲ್ಲ ಯಂತ್ರ ಕಳಿಸುತ್ತಿದ್ದ ದೊಡ್ಡ ಹೆಸರು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನ ಪ್ಲ್ಯಾಟ್ ಬ್ರದರ್ಸ್. ಇಂಡಿಯಾದ ಗಿರಣಿಗಳಲ್ಲೂ ಅವರ ಯಂತ್ರಗಳೇ ಹೆಚ್ಚು. 1929ರಲ್ಲಿ ಆ ಕಂಪನಿ ಟೊಯೋಡಾ ಮಗ್ಗದ ಪೇಟೆಂಟ್ ಹಕ್ಕನ್ನು 1,00,000 ಪೌಂಡಿಗೆ ಕೊಳ್ಳಲು ಒಪ್ಪಿತು. ಸಹಿ ಹಾಕಲು ಹೋದವನು ಸಾಕಿಚಿಯ ಮಗ ಕಿಚಿರೊ. ಅಷ್ಟರಲ್ಲಿ ಜಾಗತಿಕ ಆರ್ಥಿಕ ಕುಸಿತ, ಲ್ಯಾಂಕಶೈರ್ ಗಿರಣಿಗಳು ಮುಚ್ಚತೊಡಗಿದವು. ಒಪ್ಪಿದ ಮೊತ್ತ ಇಳಿಸಿ ಎಂದು ಪ್ಲ್ಯಾಟ್ ಕೇಳಿಕೊಂಡಿತು, ಟೊಯೋಡಾ ಇಳಿಸಿತು. ಕರಾರು ಹಿಡಿದು ಕೋರ್ಟಿಗೆ ಹೋಗಬಹುದಿತ್ತು, ಹೋಗಲಿಲ್ಲ. ಕಿಚಿರೊ ಕಾರಿನ ಕಡೆ ತಿರುಗಿ 1937ರಲ್ಲಿ ಟೊಯೋಟಾ ಮೋಟಾರ್ ಆಯಿತು.

ಇಂಡಿಯಾದಲ್ಲಿ ಟೊಯೋಟಾಕ್ಕೆ ಮೊದಲ ಅನುಭವ ಒಳ್ಳೆಯದಿರಲಿಲ್ಲ. 1980ರ ದಶಕದಲ್ಲಿ ದೆಹಲಿಯ ಡಿಸಿಎಂ ಜೊತೆ ಕೂಡಿ ಡಿಸಿಎಂ ಟೊಯೋಟಾ ಎಂಬ ಕಂಪನಿ ಮಾಡಿ ಸಣ್ಣ ಲಾರಿ ಬಿಟ್ಟರು. 1985ರ ನಂತರ ಯೆನ್ ಬೆಲೆ ಏರಿತು, ಜಪಾನಿನಿಂದ ಬರುವ ಬಿಡಿಭಾಗ ದುಬಾರಿಯಾಯಿತು. ಆಗ ಜಪಾನಿನವರ ಜೊತೆ ಕೂಡಿದ ಸಣ್ಣ ಲಾರಿ ಕಂಪನಿಗಳೆಲ್ಲ ಈ ಪೆಟ್ಟು ತಿಂದವು. 1990ರ ದಶಕದ ನಡುವೆ ಡಿಸಿಎಂ ಟೊಯೋಟಾ ಕೊರಿಯಾದ ದೇವೂ ಕೈಗೆ ಹೋಯಿತು. ಒಮ್ಮೆ ಕೈ ಸುಟ್ಟುಕೊಂಡವರು ಎರಡನೇ ಸಲ ಬರುವಾಗ ಊದಿ ಊದಿ ಕುಡಿಯುವುದು ಸಹಜ.

ಆದ್ದರಿಂದ ಮೊದಲು ಬಂದದ್ದು ಕಾರಲ್ಲ. 1995ರಲ್ಲಿ ಕಿರ್ಲೋಸ್ಕರ್ ಟೊಯೋಡಾ ಟೆಕ್ಸ್‌ಟೈಲ್ ಮಷಿನರಿ ಎಂಬ ಕಂಪನಿಯಾಯಿತು, ಬೆಂಗಳೂರು ಹೊರವಲಯದ ಜಿಗಣಿಯಲ್ಲಿ. ಮಾಡುತ್ತಿದ್ದುದು ನೂಲುವ ಗಿರಣಿಗೆ ಬೇಕಾದ ರಿಂಗ್ ಫ್ರೇಮ್ ಯಂತ್ರಗಳು. ಆ ಕಡೆ ಕೂಡಿದ್ದು ಟೊಯೋಡಾ ಮಗ್ಗದ ಕಂಪನಿ, ಅಂದರೆ ಟೊಯೋಟಾ ಬಳಗದ ತಾಯಿಬೇರು. ಈ ಕಡೆ ಯಂತ್ರ ಮಾಡುವ ಯಂತ್ರ ಗೊತ್ತಿದ್ದ ಮನೆತನ. ದೊಡ್ಡ ಹೊಲ ಕೋರಿಗೆ ಕೊಡುವ ಮುಂಚೆ ಹಿತ್ತಲಿನ ತುಂಡು ಕೊಟ್ಟು ನೋಡುವ ಹಾಗೆ. ಬಿಡಿಭಾಗ ಹೊತ್ತಿಗೆ ಬರುತ್ತದೋ, ಲೆಕ್ಕ ನೇರವಾಗಿದೆಯೋ, ತಪ್ಪಾದಾಗ ಮುಚ್ಚಿಡುತ್ತಾರೋ ಹೇಳುತ್ತಾರೋ, ಇವು ಊಟದ ಮೇಜಿನ ಮೇಲೆ ಗೊತ್ತಾಗುವ ವಿಷಯಗಳಲ್ಲ. ಕೆಲಸದಲ್ಲಿ ಗೊತ್ತಾಗಬೇಕು. ಎರಡು ವರ್ಷ ಸಿಕ್ಕಿತು.

ಇಲ್ಲಿ ನನಗೆ ನುಂಗಲಾಗದ ಒಂದು ವಿಷಯವಿದೆ. ನೂಲುವ ಯಂತ್ರದ ಕಾರ್ಖಾನೆ ಜಿಗಣಿಯಲ್ಲಿ ಏಳುತ್ತಿದ್ದ ಕಾಲಕ್ಕೆ ನೂಲಿನ ಊರಾದ ದಾವಣಗೆರೆಯ ಹಳೆಯ ಗಿರಣಿಗಳು ಒಂದೊಂದಾಗಿ ಮುಚ್ಚಿ ಹೋಗಿದ್ದವು ಅಥವಾ ಮುಚ್ಚುವ ಹಂತದಲ್ಲಿದ್ದವು. ಯಂತ್ರ ಮಾಡುವ ಹರಿಹರ 14 ಕಿ.ಮೀ. ದೂರದಲ್ಲಿತ್ತು. ಹೊಸ ಕಾರ್ಖಾನೆ ಎಲ್ಲಿ ಬೇಕು ಎಂದು ಜಪಾನಿನವರಿಗೆ ವಿಮಾನ ನಿಲ್ದಾಣ, ಬಂದರಿನ ದಾರಿ, ಬಿಡಿಭಾಗ ಮಾಡುವವರು ಇದ್ದರೆ ಸಾಕು, ಊರಿನ ಇತಿಹಾಸ ಬೇಕಾಗಿಲ್ಲ. ಅದು ತಪ್ಪು ಅಂತ ಹೇಳಲು ಬರುವುದಿಲ್ಲ. ಆದರೂ ನುಂಗಲಾಗುವುದಿಲ್ಲ.

1997ರ ಆಗಸ್ಟ್ 15ರಂದು ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆ ಆಯಿತು. ಮುಖ್ಯಮಂತ್ರಿ ಜೆ.ಎಚ್. ಪಟೇಲ್, ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ನೋಂದಣಿಯಾಯಿತು. ಬಿಡದಿಯಲ್ಲಿ 432 ಎಕರೆ. 1999ರ ಕೊನೆಗೆ ಉತ್ಪಾದನೆ ಶುರು, 2000ದ ಜನವರಿಯಲ್ಲಿ ಕ್ವಾಲಿಸ್ ಬಂತು. ಇಂಡೋನೇಷ್ಯಾದಲ್ಲಿ ಓಡುತ್ತಿದ್ದ ಕಿಜಾಂಗ್ ಗಾಡಿಯನ್ನೇ ತಿದ್ದಿ ತಂದದ್ದು, ನೋಡಲು ಅಂಥ ಚಂದವೇನಿರಲಿಲ್ಲ. ಧರ್ಮಸ್ಥಳದ ಟ್ರಿಪ್ಪಿಗೆ, ಮದುವೆಗೆ, ಎಲೆಕ್ಷನ್ ಪ್ರಚಾರಕ್ಕೆ ನಮ್ಮ ಕಡೆ ಅದು ಎಷ್ಟು ಓಡಿತು ಎಂದು ನಿಮಗೇ ಗೊತ್ತು.

ಒಪ್ಪಂದದಲ್ಲಿ ಟೊಯೋಟಾಕ್ಕೆ ಶೇ 74, ಕಿರ್ಲೋಸ್ಕರ್‌ಗೆ ಶೇ 26. ಈ 26 ಯಾಕೆ? 1956ರ ಕಂಪನಿ ಕಾಯಿದೆಯಲ್ಲಿ ವಿಶೇಷ ನಿರ್ಣಯ ಅಂತ ಒಂದಿತ್ತು. ಕಂಪನಿಯ ನಿಯಮಾವಳಿ ತಿದ್ದುವಂಥ ದೊಡ್ಡ ಸಂಗತಿಗಳಿಗೆ ಚಲಾಯಿಸಿದ ಮತದಲ್ಲಿ ಮುಕ್ಕಾಲು ಪಾಲು ಬೇಕು. ಶೇ 25ಕ್ಕಿಂತ ಒಂದು ಚೂರು ಜಾಸ್ತಿ ಇಟ್ಟುಕೊಂಡವನು ಏನನ್ನೂ ಮಾಡಿಸಲಾರ, ಆದರೆ ಬೇಡ ಅಂದರೆ ನಿಲ್ಲಿಸಬಲ್ಲ. ಅಂದರೆ 26 ಅನ್ನುವುದು ಬೇಡ ಅನ್ನುವ ಹಕ್ಕು. ಆ ಕಾಲದ ಕೂಡಿಕೆಗಳನ್ನು ನೋಡಿ, ಎಲ್ಲೆಲ್ಲೂ ಇದೇ ಸಂಖ್ಯೆ. 1982ರಲ್ಲಿ ಸುಜುಕಿ ಮಾರುತಿಗೆ ಬಂದಾಗ ಶೇ 26. ಹೀರೊ ಹೋಂಡಾದಲ್ಲಿ ಇಬ್ಬರಿಗೂ ಶೇ 26. ಟಿವಿಎಸ್ ಸುಜುಕಿಯಲ್ಲಿ ಜಪಾನಿನವರದು ಶೇ 25.97. ನಂಬಿಕೆ ಎಷ್ಟೇ ಇದ್ದರೂ ಬಾಗಿಲ ಅಗುಳಿ ಒಂದು ಕೈಯಲ್ಲಿರಲಿ ಅನ್ನುವ ಲೆಕ್ಕ.

ಸರ್ಕಾರವೂ ಒಂದು ಅಗುಳಿ ಕೊಟ್ಟಿತು. 1998ರ ಡಿಸೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಪ್ರೆಸ್ ನೋಟ್ 18ರ ಪ್ರಕಾರ, ಇಲ್ಲಿ ಈಗಾಗಲೇ ಜಂಟಿ ಉದ್ಯಮ ಇಟ್ಟುಕೊಂಡ ವಿದೇಶಿ ಕಂಪನಿ ಅದೇ ಕ್ಷೇತ್ರದಲ್ಲಿ ಬೇರೆ ಕಂಪನಿ ತೆರೆಯಬೇಕಾದರೆ ಸರ್ಕಾರದ ಅನುಮತಿ ಬೇಕು, ಅದಕ್ಕೆ ಹಳೆಯ ಪಾಲುದಾರನ ಒಪ್ಪಿಗೆ ಪತ್ರ ಬೇಕು. ಮೇಲ್ನೋಟಕ್ಕೆ ಚೆನ್ನಾಗಿದೆ. ವ್ಯವಹಾರದಲ್ಲಿ ಆದದ್ದೇ ಬೇರೆ. ಒಪ್ಪಿಗೆ ಪತ್ರವೇ ಚೌಕಾಸಿಯ ಸರಕಾಯಿತು, ಬೇರೆಯಾಗಬೇಕಾದವರು ಬೇರೆಯಾಗಲಾರದೆ ಒಂದೇ ಸೂರಿನಡಿ ಹಲ್ಲು ಕಡಿದುಕೊಂಡು ಕೂತರು. 2005ರಲ್ಲಿ ಅದನ್ನು ಸಡಿಲಿಸಿ, 2011ರಲ್ಲಿ ಪೂರ್ತಿ ತೆಗೆದರು.

26ರ ಅಗುಳಿಯೂ ಯಾರನ್ನೂ ಬಹಳ ಕಾಲ ಕೂಡಿಸಿಡಲಿಲ್ಲ. ಟಿವಿಎಸ್ ಮತ್ತು ಸುಜುಕಿ 2001ರಲ್ಲಿ ಬೇರೆಯಾದರು. ಹೀರೊ ಮತ್ತು ಹೋಂಡಾ 2010ರ ಡಿಸೆಂಬರ್‌ನಲ್ಲಿ ಬೇರೆಯಾಗುವುದಾಗಿ ಸಾರಿದರು, ಅದೂ ಒಳ್ಳೆ ಲಾಭದಲ್ಲಿದ್ದಾಗ. ಮಾರುತಿಯ ಕಥೆ ಇನ್ನೂ ಕಹಿ. ಸುಜುಕಿ ಪಾಲು ಶೇ 50ಕ್ಕೆ ಏರಿದ ಮೇಲೆ, 1997ರಲ್ಲಿ, ಕೇಂದ್ರ ಸರ್ಕಾರ ತನ್ನ ಸರದಿಯ ವ್ಯವಸ್ಥಾಪಕ ನಿರ್ದೇಶಕರಾಗಿ ಭಾಸ್ಕರುಡು ಅವರನ್ನು ನೇಮಿಸಿತು. ನಮ್ಮನ್ನು ಸರಿಯಾಗಿ ಕೇಳಲಿಲ್ಲ ಎಂದು ಸುಜುಕಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಾಲಯದ ಮೆಟ್ಟಿಲು ಹತ್ತಿತು, ಮರುವರ್ಷ ರಾಜಿಯಾಯಿತು. ಒಬ್ಬ ಮನುಷ್ಯನ ನೇಮಕಕ್ಕೆ ಎರಡು ದೇಶಗಳ ನಡುವಿನ ತಕರಾರು.

ಬಿಡದಿಯಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಕಾರಿನ ಕಾರ್ಖಾನೆ ದುಡ್ಡು ನುಂಗುವ ಯಂತ್ರ. ಹೊಸ ಬಂಡವಾಳ ಹಾಕಬೇಕಾದಾಗ ದೊಡ್ಡ ಪಾಲುದಾರ ಹಾಕುತ್ತಾನೆ. ಸಣ್ಣವನು ಅದೇ ಪ್ರಮಾಣದಲ್ಲಿ ಹಾಕದಿದ್ದರೆ ಅವನ ಪಾಲು ತಾನಾಗಿ ಕರಗುತ್ತದೆ. ಕಿರ್ಲೋಸ್ಕರ್ ಪಾಲು ಶೇ 11ಕ್ಕೆ ಇಳಿಯಿತು, ಟೊಯೋಟಾದ್ದು ಶೇ 89 ಆಯಿತು. ಅಂದರೆ ಬೇಡ ಅನ್ನುವ ಹಕ್ಕು ಹೋಯಿತು. ಕಾಗದದ ಪ್ರಕಾರ ಅಂದಿನಿಂದ ಟೊಯೋಟಾ ಏನು ಬೇಕಾದರೂ ಮಾಡಬಹುದಿತ್ತು. ಹೆಸರು ತೆಗೆಯಬಹುದಿತ್ತು, ಇರುವ 11ನ್ನೂ ಕೊಂಡು ಕಳಿಸಬಹುದಿತ್ತು. ಆ ಕಾಲಕ್ಕೆ ಕಾರು ಉದ್ಯಮದಲ್ಲಿ ವಿದೇಶಿಯರು ಪೂರ್ತಿ ನೂರಕ್ಕೆ ನೂರು ಪಾಲು ಇಟ್ಟುಕೊಳ್ಳಲು ಅಡ್ಡಿಯಿರಲಿಲ್ಲ. ಹುಂಡೈ ಚೆನ್ನೈ ಪಕ್ಕದಲ್ಲಿ ಪಾಲುದಾರನೇ ಇಲ್ಲದೆ ನಡೆಸುತ್ತಿತ್ತು. ಆದರೂ ಉಪಾಧ್ಯಕ್ಷರ ಕುರ್ಚಿ ವಿಕ್ರಮ್ ಅವರದೇ ಆಗಿ ಉಳಿಯಿತು. ಅವರು ತೀರಿಕೊಂಡ ಮೇಲೆ 2023ರ ಜನವರಿಯಲ್ಲಿ ಆ ಜಾಗಕ್ಕೆ ಬಂದದ್ದು ಅವರ ಮಗಳು ಮಾನಸಿ.

ಸಣ್ಣ ಪಾಲುದಾರ ಯಾಕೆ ಬೇಕಿತ್ತು? ಇದಕ್ಕೆ ಒಂದು ಉತ್ತರ 2020ರ ಸೆಪ್ಟೆಂಬರ್‌ನಲ್ಲಿ ಕಣ್ಣಿಗೆ ಕಂಡಿತು. ಕಂಪನಿಯ ಇನ್ನೊಬ್ಬ ಹಿರಿಯ ಅಧಿಕಾರಿ ವಿದೇಶಿ ಸುದ್ದಿಸಂಸ್ಥೆಯ ಜೊತೆ ಮಾತಾಡುತ್ತ, ಇಲ್ಲಿ ಕಾರಿನ ಮೇಲೆ ತೆರಿಗೆ ವಿಪರೀತ, ಆದ್ದರಿಂದ ಇನ್ನು ವಿಸ್ತರಣೆ ಇಲ್ಲ ಎಂಬರ್ಥದಲ್ಲಿ ಹೇಳಿದರು. ದೆಹಲಿಯಲ್ಲಿ ಗದ್ದಲವೆದ್ದಿತು. ಅದೇ ದಿನ ವಿಕ್ರಮ್ ಕಿರ್ಲೋಸ್ಕರ್ ಸಾಮಾಜಿಕ ಜಾಲತಾಣದಲ್ಲಿ, ನಾವು 2,000 ಕೋಟಿ ರೂಪಾಯಿಗೂ ಹೆಚ್ಚು ಹೂಡುತ್ತಿದ್ದೇವೆ ಎಂದು ತಿಳಿಸಿದರು. ಶೇ 89ರವರು ಸುಮ್ಮನಿದ್ದರು, ಶೇ 11ರವರು ಮಾತಾಡಿದರು. ಕಾರು ತಯಾರಕರ ಸಂಘಕ್ಕೂ, 2019–20ರಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟಕ್ಕೂ ಅಧ್ಯಕ್ಷರಾಗಿದ್ದ ಮನುಷ್ಯನ ಮಾತಿಗೆ ದೆಹಲಿಯಲ್ಲಿ ತೂಕವಿತ್ತು. ಕೋರಿನಲ್ಲಿ ಕೆಲವೊಮ್ಮೆ ಬೀಜ, ಗೊಬ್ಬರ ಎಲ್ಲ ಒಬ್ಬನದೇ ಇರುತ್ತದೆ. ಊರಿನಲ್ಲಿ ನಿಂತು ಮಾತಾಡುವವನು ಇನ್ನೊಬ್ಬ. ಅವನಿಗೂ ಪಾಲು ಸಲ್ಲುತ್ತದೆ.

ಇಷ್ಟಾದರೂ ಬಿಡದಿ ಅಂದರೆ ನಂಬಿಕೆಯ ಮನೆ ಎಂದು ಬರೆದುಬಿಟ್ಟರೆ ಅದು ಪಿಆರ್ ಏಜೆನ್ಸಿಯ ಕೆಲಸವಾಗುತ್ತದೆ. ಅಲ್ಲಿ 2006ರ ಜನವರಿಯಲ್ಲಿ, 2014ರ ಮಾರ್ಚ್‌ನಲ್ಲಿ, 2020ರ ನವೆಂಬರ್‌ನಲ್ಲಿ ಲಾಕೌಟ್ ಆಗಿದೆ. ಕೊನೆಯದು ಒಬ್ಬ ಕಾರ್ಮಿಕನ ಅಮಾನತಿನಿಂದ ಶುರುವಾಗಿ ತಿಂಗಳುಗಟ್ಟಲೆ ಎಳೆಯಿತು. ಮೇಜಿನ ಎರಡು ಬದಿ ಕೂತವರ ನಡುವಿನ ನಂಬಿಕೆ ಒಂದು, ಲೈನ್ ಮೇಲೆ ನಿಂತವರ ಜೊತೆಗಿನ ನಂಬಿಕೆ ಇನ್ನೊಂದು.

ಹರಿಹರದ ಮಾತು ಬರುವುದು ಇಲ್ಲೇ. ಬಿಡದಿಯಲ್ಲಿ ಮೊದಲ ಕ್ವಾಲಿಸ್ ಹೊರಬಂದ ಆಸುಪಾಸಿನಲ್ಲೇ ಸುಮಾರು 300 ಕಿ.ಮೀ. ಆಚೆ ಯಂತ್ರಾಪುರದಲ್ಲಿ ಮೈಸೂರು ಕಿರ್ಲೋಸ್ಕರ್ ಉಸಿರು ಹಿಡಿದುಕೊಂಡಿತ್ತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1991ರ ನಂತರ ಆಮದು ಸುಂಕ ಇಳಿಯಿತು. ತೈವಾನ್, ಕೊರಿಯಾ, ಜಪಾನಿನ ಸಿಎನ್‌ಸಿ ಯಂತ್ರಗಳು ಬಂದವು. ಕೈಯಿಂದ ತಿರುಗಿಸುವ ಲೇತ್‌ಗೆ ಗಿರಾಕಿ ಕಮ್ಮಿಯಾದರು, ಸಿಎನ್‌ಸಿಗೆ ಹಾಕಲು ಬಂಡವಾಳ ಬೇಕು, ಬಂಡವಾಳಕ್ಕೆ ಸಾಲ, ಸಾಲಕ್ಕೆ ಬಡ್ಡಿ. ಬೆಂಗಳೂರಿನ ಎಚ್‌ಎಂಟಿಯನ್ನೂ ಇದೇ ಗಾಳಿ ಹೊಡೆಯಿತು, ಅದು ಸರ್ಕಾರದ್ದಾದ್ದರಿಂದ ನಿಧಾನಕ್ಕೆ ಬಿತ್ತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಹರಿಹರದ ಕಾರ್ಖಾನೆ ನಿಂತೇಹೋಯಿತು. ಕಂಪನಿ ಹೈಕೋರ್ಟಿನ ಸಮಾಪಕರ ಕೈ ಸೇರಿತು. ಬ್ಯಾಂಕುಗಳ ಬಾಕಿ, ಕಾರ್ಮಿಕರ ಬಾಕಿ ಎಲ್ಲ ಒಂದು ಸಾಲಿನಲ್ಲಿ ನಿಂತವು.

ಒಂದೇ ಮನೆತನ, ಒಂದೇ ದಶಕ. ಹೊಸ ಕೋರು ಬೆಳೆ ಕೊಟ್ಟಿತು, ಹಳೆಯ ಹೊಲ ಬೀಳು ಬಿತ್ತು. ಮೋಸವಾಯಿತು ಎಂದು ನಾನು ಬರೆಯುತ್ತಿಲ್ಲ. ಹಾಗೆ ಬರೆಯಲು ಪುರಾವೆ ಬೇಕು. ಆದರೆ 1941ರ ಕೂಡಿಕೆಯಲ್ಲಿ ಪಾಲುದಾರರು ಯಾರು ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಸಂಸ್ಥಾನದ ಹೆಸರು ಬೋರ್ಡಿನಲ್ಲಿತ್ತು, ಮನೆತನದ ಹೆಸರಿತ್ತು. ಅರವತ್ತು ವರ್ಷ ಸೈರನ್ನಿಗೆ ಎದ್ದು ಮಲಗಿದ ಊರು, ಅಪ್ಪನ ಜಾಗಕ್ಕೆ ಮಗ ಹೋಗುತ್ತಾನೆ ಎಂದು ನಂಬಿ ಮಗನನ್ನು ಟರ್ನರ್ ಟ್ರೇಡಿಗೇ ಸೇರಿಸಿದ ಮನೆಗಳು, ಕಾರ್ಖಾನೆಯ ಸಂಬಳದ ದಿನ ನೋಡಿ ಉದ್ರಿ ಕೊಟ್ಟ ಅಂಗಡಿಗಳು ಯಾವ ಶೇಕಡಾದಲ್ಲೂ ಇರಲಿಲ್ಲ. ಅವರ ಕೈಯಲ್ಲಿ 26 ಇರಲಿಲ್ಲ, 11 ಕೂಡ ಇರಲಿಲ್ಲ. ಟೊಯೋಟಾ ತನ್ನ ಸಣ್ಣ ಪಾಲುದಾರನನ್ನು ಕೈಬಿಡದೇ ಇರಲು ಅದಕ್ಕೆ ಆ ಪಾಲುದಾರನಿಂದ ಉಪಯೋಗವಿತ್ತು, ಜೊತೆಗೆ ಹಳೆಯ ಪರಿಚಯವಿತ್ತು. ಹರಿಹರದಿಂದ ಆಗುವ ಉಪಯೋಗ ಮುಗಿದಾಗ ಪರಿಚಯ ಒಂದೇ ಉಳಿಯಿತು.

ಬಿಡದಿಯಲ್ಲಿ 2007ರಿಂದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳನ್ನು ಪರೀಕ್ಷೆ ಮಾಡಿ ತೆಗೆದುಕೊಂಡು ಮೂರು ವರ್ಷ ಇಟ್ಟು ಕಲಿಸುತ್ತಾರೆ. ಕಲಿಸುವುದು ಚೆನ್ನಾಗಿದೆ, ಅರ್ಜಿ ಹಾಕುವ ಮಕ್ಕಳಿದ್ದರೆ ಹಾಕಿಸಿ. ಒಂದು ಕಾಲದಲ್ಲಿ ಹರಿಹರ ಈ ಕೆಲಸ ಮಾಡುತ್ತಿತ್ತು.

ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯ ಬದಿಯ ವರ್ಕ್‌ಶಾಪ್‌ಗಳಲ್ಲಿ ಬೋರ್‌ವೆಲ್ ಪಂಪಿನ ಶಾಫ್ಟು, ಟ್ರಾಕ್ಟರಿನ ಪಿನ್ನು ಕಡೆಯುವ ಹಳೆಯ ಲೇತ್‌ಗಳು ಇನ್ನೂ ಓಡುತ್ತಿವೆ. ಎರಕದ ಮೇಲೆ ಕಿರ್ಲೋಸ್ಕರ್ ಅಂತ ಉಬ್ಬಕ್ಷರ, ಬಣ್ಣದ ಮೇಲೆ ಬಣ್ಣ ಬಳಿದು ಅರ್ಧ ಮುಚ್ಚಿಹೋಗಿರುತ್ತದೆ. ಅದರ ಸ್ಪೇರ್ ಕೊಡುವ ಕಂಪನಿ ಈಗ ಇಲ್ಲ. ಭಾಗ ಸವೆದರೆ ಅದೇ ಲೇತ್ ಮೇಲೆ ಕಡೆದುಕೊಳ್ಳುತ್ತಾರೆ.